ಮನೆಯ ಗಣಕಯಂತ್ರಕ್ಕೆ ಉಚಿತ ಫೈರ್‌ವಾಲ್: ಆಯ್ಕೆ ಮತ್ತು ಅಳವಡಿಕೆಯ ಕ್ರಮ

ಅಂತರ್ಜಾಲದ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರಿಗೆ ಮಾಹಿತಿ

1. ಪ್ರಸ್ತಾವನೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಅನೇಕ ನಾಗರಿಕರು ತಮ್ಮ ಮನೆಯ ಗಣಕಯಂತ್ರದಿಂದಲೇ ಅರ್ಜಿ ಸಲ್ಲಿಸುತ್ತಿದ್ದಾರೆ. ಅರ್ಜಿಯೊಡನೆ ಲಗತ್ತಿಸಲು ಸಿದ್ಧಪಡಿಸಿದ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಪುಸ್ತಕದ ಪುಟ, ಭಾವಚಿತ್ರ, ಸಹಿ ಮುಂತಾದವು ಅರ್ಜಿ ವಿಲೇವಾರಿಯಾದ ನಂತರವೂ ಅದೇ ಯಂತ್ರದಲ್ಲಿ ಉಳಿದಿರುತ್ತವೆ. ಹಿಂದೆ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದ ಕಾಗದಪತ್ರಗಳು ಈಗ ಅಂತರ್ಜಾಲಕ್ಕೆ ಸಂಪರ್ಕಗೊಂಡ ಯಂತ್ರದಲ್ಲಿ ಕಡತಗಳ ರೂಪದಲ್ಲಿವೆ. ಅವುಗಳ ರಕ್ಷಣೆಯ ಮೊದಲ ಸಾಧನವೇ ಫೈರ್‌ವಾಲ್.

ಈ ಪುಟದ ಮಾಹಿತಿಯ ಸಾರಾಂಶವು ಕೆಳಕಂಡಂತಿದೆ:

(ಅ) ಮನೆಯ ಬಳಕೆಗೆ ಫೈರ್‌ವಾಲ್ ಅನ್ನು ಹಣ ನೀಡಿ ಖರೀದಿಸುವ ಅವಶ್ಯಕತೆ ಇರುವುದಿಲ್ಲ. ಬಹುತೇಕ ಗಣಕಯಂತ್ರಗಳಲ್ಲಿ ಅದು ಈಗಾಗಲೇ ಇದ್ದು, ಅದನ್ನು ಸರಿಯಾಗಿ ಹೊಂದಿಸಿಕೊಂಡರೆ ಸಾಕಾಗುತ್ತದೆ.

(ಆ) ಜಾಲತಾಣದ ಮೂಲಕ ಅರ್ಜಿ ಸಲ್ಲಿಸಲು ಫೈರ್‌ವಾಲ್ ಅನ್ನು ನಿಷ್ಕ್ರಿಯಗೊಳಿಸಬೇಕಾಗಿಲ್ಲ. ಹಾಗೆ ಮಾಡುವಂತೆ ದೂರವಾಣಿಯಲ್ಲಿ ಯಾರಾದರೂ ಸೂಚಿಸಿದಲ್ಲಿ ಅವರನ್ನು ಸಂಶಯದಿಂದ ನೋಡತಕ್ಕದ್ದು.

(ಇ) ಹೊರಗಿನಿಂದ ತಾನಾಗಿ ಬರುವುದನ್ನು ಫೈರ್‌ವಾಲ್ ತಡೆಯುತ್ತದೆ. ಬಳಕೆದಾರರೇ ಒಳಗೆ ಕರೆದುಕೊಂಡದ್ದನ್ನು ಅದು ತಡೆಯಲಾರದು.

2. ಫೈರ್‌ವಾಲ್ ಎಂದರೇನು?

ಅಂತರ್ಜಾಲದಲ್ಲಿ ಮಾಹಿತಿಯು ಸಣ್ಣ ಸಣ್ಣ ಕಂತುಗಳಾಗಿ ಸಂಚರಿಸುತ್ತದೆ. ಪ್ರತಿ ಕಂತಿನ ಮೇಲೂ ಕಳುಹಿಸಿದ ಯಂತ್ರದ ವಿಳಾಸ, ತಲುಪಬೇಕಾದ ಯಂತ್ರದ ವಿಳಾಸ ಮತ್ತು ಪೋರ್ಟ್ ಸಂಖ್ಯೆ ಇರುತ್ತದೆ. ಯಂತ್ರದ ವಿಳಾಸವನ್ನು ಮನೆಯ ವಿಳಾಸವೆಂದು ಭಾವಿಸಿದಲ್ಲಿ, ಪೋರ್ಟ್ ಎಂಬುದು ಆ ಮನೆಯ ಬಾಗಿಲಿನ ಸಂಖ್ಯೆ ಎನ್ನಬಹುದು. ಪೋರ್ಟ್ ಸಂಖ್ಯೆಗಳು 0ಯಿಂದ 65535ರವರೆಗೆ ಇವೆ. ಸುರಕ್ಷಿತ ಜಾಲತಾಣಗಳು 443ನೇ ಪೋರ್ಟ್ ಮೂಲಕ, ವಿಂಡೋಸ್ ಯಂತ್ರಗಳ ನಡುವಿನ ಕಡತ ಹಂಚಿಕೆಯು 445ನೇ ಪೋರ್ಟ್ ಮೂಲಕ ಮತ್ತು ದೂರದಿಂದ ವಿಂಡೋಸ್ ಯಂತ್ರವನ್ನು ನಿಯಂತ್ರಿಸುವ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವು 3389ನೇ ಪೋರ್ಟ್ ಮೂಲಕ ಕಾರ್ಯನಿರ್ವಹಿಸುವುದು ವಾಡಿಕೆ.

ಈ ಬಾಗಿಲುಗಳಲ್ಲಿ ನಿಂತು, ಯಾವ ಕಂತನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ನಿಗದಿತ ನಿಯಮಗಳ ಪ್ರಕಾರ ನಿರ್ಧರಿಸುವ ತಂತ್ರಾಂಶ ಅಥವಾ ಉಪಕರಣವೇ ಫೈರ್‌ವಾಲ್. ಮನೆಯ ಬಳಕೆಯ ಫೈರ್‌ವಾಲ್‌ಗಳು ಸಾಮಾನ್ಯವಾಗಿ ಪಾಲಿಸುವ ನಿಯಮವು ಸರಳವಾದುದು. ಒಳಗಿನಿಂದ ಕೇಳಿ ತರಿಸಿಕೊಂಡ ಉತ್ತರಕ್ಕೆ ಪ್ರವೇಶವಿದೆ. ಕೇಳದೆ ಹೊರಗಿನಿಂದ ಬಂದದ್ದಕ್ಕೆ ಪ್ರವೇಶವಿಲ್ಲ. ಅರ್ಜಿದಾರರು ಜಾಲತಾಣವನ್ನು ತೆರೆದಾಗ ಸಂಪರ್ಕವು ಒಳಗಿನಿಂದ ಹೊರಕ್ಕೆ ಆರಂಭವಾಗುತ್ತದೆ. ಆದ್ದರಿಂದಲೇ ಫೈರ್‌ವಾಲ್ ಸಕ್ರಿಯವಾಗಿರುವಾಗಲೂ ಅರ್ಜಿ ತುಂಬುವುದು, ದಾಖಲೆ ಲಗತ್ತಿಸುವುದು, ಶುಲ್ಕ ಪಾವತಿಸುವುದು, ಪ್ರಮಾಣಪತ್ರ ಪಡೆಯುವುದು ಇವೆಲ್ಲವೂ ಅಡೆತಡೆಯಿಲ್ಲದೆ ನಡೆಯುತ್ತವೆ.

3. ಫೈರ್‌ವಾಲ್ ಏಕೆ ಅವಶ್ಯಕ?

"ಮನೆಯ ಗಣಕಯಂತ್ರದ ಮೇಲೆ ಯಾರಿಗೆ ಆಸಕ್ತಿ?" ಎಂಬ ಪ್ರಶ್ನೆ ಸಹಜವಾದುದು. ಆದರೆ ಹುಳು ಎಂದು ಕರೆಯಲಾಗುವ ದುಷ್ಟ ತಂತ್ರಾಂಶಗಳು ವ್ಯಕ್ತಿಯನ್ನು ನೋಡಿ ಬರುವುದಿಲ್ಲ. ಅವು ಸಿಕ್ಕ ಸಿಕ್ಕ ವಿಳಾಸಗಳ ಬಾಗಿಲು ತಟ್ಟುತ್ತಾ ಹೋಗಿ, ತೆರೆದಿರುವಲ್ಲಿ ಒಳನುಗ್ಗುತ್ತವೆ.

2003ರ ಆಗಸ್ಟ್ ತಿಂಗಳಲ್ಲಿ ಹರಡಿದ ಬ್ಲಾಸ್ಟರ್ ಎಂಬ ಹುಳು 135ನೇ ಪೋರ್ಟ್ ಮೂಲಕ ವಿಂಡೋಸ್ ಯಂತ್ರಗಳನ್ನು ಪ್ರವೇಶಿಸಿತು. ಬಳಕೆದಾರರು ಯಾವುದೇ ಇ-ಅಂಚೆಯನ್ನು ತೆರೆಯಬೇಕಾಗಿರಲಿಲ್ಲ, ಯಾವುದೇ ಕೊಂಡಿಯನ್ನು ಒತ್ತಬೇಕಾಗಿರಲಿಲ್ಲ. ಯಂತ್ರವು ಅಂತರ್ಜಾಲಕ್ಕೆ ಸಂಪರ್ಕಗೊಂಡಿದ್ದರೆ ಸಾಕಾಗಿತ್ತು. ಆ ದೋಷಕ್ಕೆ ತಿದ್ದುಪಡಿಯು ಅದೇ ವರ್ಷದ ಜುಲೈ ತಿಂಗಳಲ್ಲಿಯೇ ಬಿಡುಗಡೆಯಾಗಿತ್ತು. 2004ರ ಮೇ ತಿಂಗಳ ಆರಂಭದಲ್ಲಿ ಸ್ಯಾಸರ್ ಎಂಬ ಮತ್ತೊಂದು ಹುಳು 445ನೇ ಪೋರ್ಟ್ ಮೂಲಕ ಇದೇ ರೀತಿ ಹರಡಿತು.

ಆ ಕಾಲದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತಾದರೂ ಅದು ತಾನಾಗಿ ಸಕ್ರಿಯವಾಗಿರುತ್ತಿರಲಿಲ್ಲ. 2004ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಸರ್ವೀಸ್ ಪ್ಯಾಕ್ 2ರಿಂದ ಅದನ್ನು ಪೂರ್ವನಿಯೋಜಿತವಾಗಿಯೇ ಸಕ್ರಿಯಗೊಳಿಸಲಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂಬ ಗಾದೆಗೆ ಇದು ಉದಾಹರಣೆಯಾದರೂ, ಅಂದು ಹಾಕಿದ ಬಾಗಿಲು ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

2017ರ ಮೇ 12ರಂದು ಕಾಣಿಸಿಕೊಂಡ ವಾನಾಕ್ರೈ ಎಂಬ ಹುಳು ಪುನಃ 445ನೇ ಪೋರ್ಟ್ ಮೂಲಕವೇ ಹರಡಿ, ಕಡತಗಳನ್ನು ಗೂಢಲಿಪಿಗೆ ಪರಿವರ್ತಿಸಿ, ಬಿಡುಗಡೆಗೆ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಾರ್ಯವೂ ಇದರಿಂದ ಅಸ್ತವ್ಯಸ್ತಗೊಂಡಿತು. ಇದರ ತಿದ್ದುಪಡಿಯು ಸುಮಾರು ಎರಡು ತಿಂಗಳ ಮೊದಲೇ, ಅಂದರೆ 2017ರ ಮಾರ್ಚ್ 14ರಂದು, ಬಿಡುಗಡೆಯಾಗಿತ್ತು. ತಿದ್ದುಪಡಿ ಬಿಡುಗಡೆಯಾಗುವ ದಿನಕ್ಕೂ ಅದನ್ನು ಯಂತ್ರದಲ್ಲಿ ಅಳವಡಿಸಿಕೊಳ್ಳುವ ದಿನಕ್ಕೂ ನಡುವಿನ ಅವಧಿಯಲ್ಲಿ ಯಂತ್ರವನ್ನು ಕಾಯುವ ಕೆಲಸವನ್ನು ಫೈರ್‌ವಾಲ್ ಮಾಡುತ್ತದೆ.

4. ಉಚಿತ ಫೈರ್‌ವಾಲ್‌ನ ಆಯ್ಕೆ

ಉಚಿತವಾಗಿ ದೊರೆಯುವ ಫೈರ್‌ವಾಲ್‌ಗಳನ್ನು ಮೂರು ವಿಧಗಳಾಗಿ ವಿಂಗಡಿಸಬಹುದು.

4.1 ಕಾರ್ಯಾಚರಣಾ ವ್ಯವಸ್ಥೆಯೊಡನೆ ಬರುವ ಫೈರ್‌ವಾಲ್

ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಈ ಮೂರರಲ್ಲಿಯೂ ಫೈರ್‌ವಾಲ್ ಅಂತರ್ಗತವಾಗಿದೆ. ವ್ಯವಸ್ಥೆಯ ಇತರ ಭಾಗಗಳೊಡನೆಯೇ ಇದಕ್ಕೂ ತಿದ್ದುಪಡಿಗಳು ಬರುತ್ತವೆ. ಮನೆಯಲ್ಲಿ ಅರ್ಜಿ ಸಲ್ಲಿಸುವುದು, ಇ-ಅಂಚೆ, ಮಕ್ಕಳ ವ್ಯಾಸಂಗ ಮುಂತಾದ ಸಾಧಾರಣ ಬಳಕೆಗೆ ಇದೇ ಸೂಕ್ತವಾದ ಆಯ್ಕೆಯಾಗಿದೆ.

4.2 ಪ್ರತ್ಯೇಕವಾಗಿ ಅಳವಡಿಸುವ ಫೈರ್‌ವಾಲ್

ಯಾವ ತಂತ್ರಾಂಶವು ಒಳಗಿನಿಂದ ಹೊರಕ್ಕೆ ಮಾಹಿತಿ ಕಳುಹಿಸುತ್ತಿದೆ ಎಂಬುದನ್ನೂ ನಿಯಂತ್ರಿಸಬಯಸುವವರಿಗೆ ಇವು ಉಪಯುಕ್ತ. ವಿಂಡೋಸ್‌ನಲ್ಲಿ ಟೈನಿವಾಲ್ ಮತ್ತು ವಿಂಡೋಸ್ ಫೈರ್‌ವಾಲ್ ಕಂಟ್ರೋಲ್, ಮ್ಯಾಕ್‌ನಲ್ಲಿ ಲುಲು ಇದಕ್ಕೆ ಉದಾಹರಣೆಗಳು. ಟೈನಿವಾಲ್ ಪದೇ ಪದೇ ಪ್ರಶ್ನೆ ಕೇಳುವುದಿಲ್ಲ; ಯಾವ ತಂತ್ರಾಂಶಗಳಿಗೆ ಅನುಮತಿ ನೀಡಬೇಕೆಂಬುದನ್ನು ಬಳಕೆದಾರರೇ ಆರಿಸಬೇಕು. ವಿಂಡೋಸ್ ಫೈರ್‌ವಾಲ್ ಕಂಟ್ರೋಲ್ ಎಂಬುದು ವಿಂಡೋಸ್‌ನ ಫೈರ್‌ವಾಲ್ ಅನ್ನೇ ಸುಲಭವಾಗಿ ನಿರ್ವಹಿಸುವ ಸಾಧನ. ಲುಲು ಮುಕ್ತ ತಂತ್ರಾಂಶವಾಗಿದ್ದು, ಹೊರಹೋಗುವ ಸಂಪರ್ಕಗಳ ಬಗ್ಗೆ ಬಳಕೆದಾರರ ಅನುಮತಿಯನ್ನು ಕೇಳುತ್ತದೆ.

ಈ ವಿಧದ ಫೈರ್‌ವಾಲ್‌ಗಳಿಂದ ಒಂದು ಅನಾನುಕೂಲವೂ ಇದೆ. ಪ್ರಶ್ನೆಗಳು ಹೆಚ್ಚಾದಂತೆ ಬಳಕೆದಾರರು ಓದದೆಯೇ "ಅನುಮತಿಸಿ" ಎಂದು ಒತ್ತುವ ಅಭ್ಯಾಸ ಬೆಳೆಸಿಕೊಳ್ಳುತ್ತಾರೆ. ಹಾಗೆ ಒತ್ತಿದ ಅನುಮತಿಗೆ ಅರ್ಥವಿರುವುದಿಲ್ಲ. ಪ್ರತಿ ಪ್ರಶ್ನೆಯನ್ನು ಓದಿ ಉತ್ತರಿಸುವ ವ್ಯವಧಾನ ಇರುವವರು ಮಾತ್ರ ಇವುಗಳನ್ನು ಆರಿಸಿಕೊಳ್ಳುವುದು ಒಳಿತು.

4.3 ರೌಟರ್‌ನಲ್ಲಿರುವ ಫೈರ್‌ವಾಲ್

ಅಂತರ್ಜಾಲ ಸಂಪರ್ಕದೊಡನೆ ಮನೆಗೆ ಬರುವ ರೌಟರ್‌ನಲ್ಲಿಯೂ ಸಾಮಾನ್ಯವಾಗಿ ಫೈರ್‌ವಾಲ್ ಇರುತ್ತದೆ. ಇದು ಮನೆಯ ಹೆಬ್ಬಾಗಿಲಿನಂತೆ. ಗಣಕಯಂತ್ರದ ಫೈರ್‌ವಾಲ್ ಕೋಣೆಯ ಬಾಗಿಲಿನಂತೆ. ಎರಡೂ ಇರತಕ್ಕದ್ದು.

4.4 ಆಯ್ಕೆ ಮಾಡುವಾಗ ಗಮನಿಸಬೇಕಾದ ಅಂಶಗಳು

(1) ಒಂದು ಗಣಕಯಂತ್ರದಲ್ಲಿ ಎರಡು ಬೇರೆ ಬೇರೆ ತಯಾರಕರ ಪೂರ್ಣ ಫೈರ್‌ವಾಲ್‌ಗಳನ್ನು ಏಕಕಾಲಕ್ಕೆ ಚಾಲನೆಯಲ್ಲಿ ಇಡಬಾರದು. ಅವುಗಳ ನಿಯಮಗಳು ಪರಸ್ಪರ ಘರ್ಷಣೆಗೊಂಡು ಸಂಪರ್ಕವೇ ಕಡಿತಗೊಳ್ಳಬಹುದು.

(2) ತಂತ್ರಾಂಶವನ್ನು ತಯಾರಕರ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯತಕ್ಕದ್ದು. ಹಣ ನೀಡಿ ಪಡೆಯಬೇಕಾದ ತಂತ್ರಾಂಶದ ಬೀಗ ಮುರಿದ ಪ್ರತಿಗಳನ್ನು ಉಚಿತ ತಂತ್ರಾಂಶವೆಂದು ಭಾವಿಸಬಾರದು. ಅಂತಹ ಪ್ರತಿಗಳಲ್ಲಿ ದುಷ್ಟ ತಂತ್ರಾಂಶ ಅಡಗಿರುವ ಸಂಭವ ಹೆಚ್ಚು.

(3) ತಂತ್ರಾಂಶವು ಈಗಲೂ ನಿರ್ವಹಣೆಯಲ್ಲಿದೆಯೇ, ಇತ್ತೀಚೆಗೆ ಪರಿಷ್ಕರಿಸಲ್ಪಟ್ಟಿದೆಯೇ ಎಂಬುದನ್ನು ಪರಿಶೀಲಿಸಬೇಕು. ಒಂದು ಕಾಲದಲ್ಲಿ ಜನಪ್ರಿಯವಾಗಿದ್ದ ಸೈಗೇಟ್ ಎಂಬ ಉಚಿತ ಫೈರ್‌ವಾಲ್, ಅದರ ಕಂಪನಿಯು 2005ರಲ್ಲಿ ಮತ್ತೊಂದು ಕಂಪನಿಯ ವಶವಾದ ನಂತರ ಸ್ಥಗಿತಗೊಂಡಿತು. ಹಳೆಯ ಪಟ್ಟಿಗಳಲ್ಲಿ ಇಂತಹ ಹೆಸರುಗಳು ಇನ್ನೂ ಉಳಿದಿರುತ್ತವೆ.

(4) ಕೆಲವು ತಂತ್ರಾಂಶಗಳು ಮನೆಯ ಬಳಕೆಗೆ ಮಾತ್ರ ಉಚಿತವಾಗಿರುತ್ತವೆ. ಅಂಗಡಿ, ಕಚೇರಿ ಅಥವಾ ಸೈಬರ್ ಕೇಂದ್ರದಲ್ಲಿ ಬಳಸುವವರು ಪರವಾನಗಿಯ ಷರತ್ತುಗಳನ್ನು ಓದಿಕೊಳ್ಳತಕ್ಕದ್ದು.

(5) ಹೊಸ ಲ್ಯಾಪ್‌ಟಾಪ್‌ಗಳೊಡನೆ ಬರುವ ಪರೀಕ್ಷಾರ್ಥ ರಕ್ಷಣಾ ತಂತ್ರಾಂಶಗಳು ತಮ್ಮದೇ ಫೈರ್‌ವಾಲ್ ಹೊಂದಿರಬಹುದು. ಅವಧಿ ಮುಗಿದ ನಂತರ ಅದನ್ನು ನವೀಕರಿಸದಿದ್ದಲ್ಲಿ ಸಂಪೂರ್ಣವಾಗಿ ತೆಗೆದುಹಾಕಿ, ವಿಂಡೋಸ್‌ನ ಫೈರ್‌ವಾಲ್ ಪುನಃ ಸಕ್ರಿಯವಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

5. ವಿಂಡೋಸ್ ಗಣಕಯಂತ್ರದಲ್ಲಿ ಹೊಂದಿಸುವ ಕ್ರಮ

ಕೆಳಕಂಡ ಕ್ರಮವು ವಿಂಡೋಸ್ 11ಕ್ಕೆ ಅನ್ವಯಿಸುತ್ತದೆ. ವಿಂಡೋಸ್ 10ರಲ್ಲಿಯೂ ಹಂತಗಳು ಬಹುಮಟ್ಟಿಗೆ ಇದೇ ಆಗಿರುತ್ತವೆ. ಆದರೆ ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ತಿದ್ದುಪಡಿಗಳು ಬಾರದ ಯಂತ್ರವನ್ನು ಫೈರ್‌ವಾಲ್ ಒಂದೇ ರಕ್ಷಿಸಲಾರದು ಎಂಬುದನ್ನು ಗಮನಿಸತಕ್ಕದ್ದು.

ಹಂತ 1: ಸ್ಟಾರ್ಟ್ ಗುಂಡಿಯನ್ನು ಒತ್ತಿ "ವಿಂಡೋಸ್ ಸೆಕ್ಯುರಿಟಿ" ಎಂಬುದನ್ನು ಹುಡುಕಿ ತೆರೆಯಬೇಕು. ಅದರಲ್ಲಿ "ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್" ಎಂಬ ವಿಭಾಗವನ್ನು ಆರಿಸಬೇಕು.

ಹಂತ 2: ಅಲ್ಲಿ ಡೊಮೇನ್, ಪ್ರೈವೇಟ್ ಮತ್ತು ಪಬ್ಲಿಕ್ ಎಂಬ ಮೂರು ಬಗೆಯ ಜಾಲಗಳು ಕಾಣುತ್ತವೆ. ಮೂರರ ಎದುರಿಗೂ ಫೈರ್‌ವಾಲ್ "ಆನ್" ಎಂದು ಇರತಕ್ಕದ್ದು. ಯಾವುದಾದರೂ "ಆಫ್" ಆಗಿದ್ದಲ್ಲಿ ಅದರ ಮೇಲೆ ಒತ್ತಿ ಸಕ್ರಿಯಗೊಳಿಸಬೇಕು. ಬೇರೆ ತಯಾರಕರ ಫೈರ್‌ವಾಲ್ ಇದ್ದಲ್ಲಿ ಇದೇ ಪುಟದಲ್ಲಿ ಅದರ ಹೆಸರು ಕಾಣಿಸುತ್ತದೆ.

ಹಂತ 3: ಜಾಲದ ಬಗೆಯನ್ನು ನಿರ್ಧರಿಸಬೇಕು. "ಸೆಟ್ಟಿಂಗ್ಸ್" ತೆರೆದು, "ನೆಟ್‌ವರ್ಕ್ ಅಂಡ್ ಇಂಟರ್‌ನೆಟ್" ವಿಭಾಗದಲ್ಲಿ ಈಗ ಬಳಕೆಯಲ್ಲಿರುವ ಸಂಪರ್ಕದ "ಪ್ರಾಪರ್ಟೀಸ್" ಪುಟಕ್ಕೆ ಹೋಗಬೇಕು. ಅಲ್ಲಿ ಎರಡು ಆಯ್ಕೆಗಳಿರುತ್ತವೆ. ಪಬ್ಲಿಕ್ ಎಂದು ಆರಿಸಿದಲ್ಲಿ ಯಂತ್ರವು ಅದೇ ಜಾಲದ ಇತರ ಯಂತ್ರಗಳಿಗೆ ಕಾಣಿಸಿಕೊಳ್ಳುವುದಿಲ್ಲ. ಪ್ರೈವೇಟ್ ಎಂದು ಆರಿಸಿದಲ್ಲಿ ಮುದ್ರಣಯಂತ್ರ ಮತ್ತು ಕಡತಗಳ ಹಂಚಿಕೆಗೆ ಅವಕಾಶವಾಗುತ್ತದೆ.

ಇಲ್ಲಿ ಹೆಸರುಗಳಿಂದ ಗೊಂದಲ ಉಂಟಾಗುವುದುಂಟು. ಪಬ್ಲಿಕ್ ಎಂದರೆ ಯಂತ್ರವನ್ನು ಸಾರ್ವಜನಿಕರಿಗೆ ತೆರೆದಿಡುವುದು ಎಂದು ಕೆಲವರು ತಿಳಿಯುತ್ತಾರೆ. ವಾಸ್ತವವಾಗಿ ಅದು "ಇದು ಸಾರ್ವಜನಿಕ ಸ್ಥಳ, ಎಚ್ಚರಿಕೆಯಿಂದಿರು" ಎಂದು ಯಂತ್ರಕ್ಕೆ ನೀಡುವ ಸೂಚನೆ. ಬಸ್ ನಿಲ್ದಾಣ, ಗ್ರಂಥಾಲಯ, ವಸತಿಗೃಹ, ಆಸ್ಪತ್ರೆ, ಪರಿಚಿತರ ಮೊಬೈಲ್ ಹಾಟ್‌ಸ್ಪಾಟ್ ಇವೆಲ್ಲಕ್ಕೂ ಪಬ್ಲಿಕ್ ಎಂದೇ ಆರಿಸತಕ್ಕದ್ದು. ಮನೆಯಲ್ಲಿಯೂ ಹಂಚಿಕೆಯ ಅವಶ್ಯಕತೆ ಇಲ್ಲದವರು ಪಬ್ಲಿಕ್ ಎಂದೇ ಉಳಿಸಿಕೊಳ್ಳಬಹುದು. ಇದರಿಂದ ಅರ್ಜಿ ಸಲ್ಲಿಕೆಗೆ ಯಾವುದೇ ತೊಂದರೆ ಆಗುವುದಿಲ್ಲ.

ಹಂತ 4: ಫೈರ್‌ವಾಲ್ ಪುಟದ ಕೆಳಭಾಗದಲ್ಲಿರುವ "ಅಲೋ ಆ್ಯನ್ ಆ್ಯಪ್ ಥ್ರೂ ಫೈರ್‌ವಾಲ್" ಎಂಬ ಕೊಂಡಿಯನ್ನು ತೆರೆದು, ಅನುಮತಿ ಪಡೆದ ತಂತ್ರಾಂಶಗಳ ಪಟ್ಟಿಯನ್ನು ಪರಿಶೀಲಿಸಬೇಕು. ಬಳಕೆಯಲ್ಲಿಲ್ಲದ ಆಟಗಳು, ದೂರ ನಿಯಂತ್ರಣದ ತಂತ್ರಾಂಶಗಳು ಮತ್ತು ಪಬ್ಲಿಕ್ ಅಂಕಣದಲ್ಲಿರುವ ಕಡತ ಹಂಚಿಕೆ ಇವುಗಳ ಗುರುತನ್ನು ತೆಗೆಯಬಹುದು. "ಕೋರ್ ನೆಟ್‌ವರ್ಕಿಂಗ್" ಎಂಬ ನಮೂದನ್ನು ಮಾತ್ರ ಬದಲಾಯಿಸಬಾರದು. ಅದು ಅಂತರ್ಜಾಲ ಸಂಪರ್ಕಕ್ಕೇ ಅವಶ್ಯಕವಾದುದು.

ಹಂತ 5: ಪ್ರಯಾಣದಲ್ಲಿರುವಾಗ ಅಥವಾ ಅಪರಿಚಿತ ಜಾಲವನ್ನು ಬಳಸುವಾಗ, ಆಯಾ ಜಾಲದ ಪುಟದಲ್ಲಿರುವ "ಬ್ಲಾಕ್ಸ್ ಆಲ್ ಇನ್‌ಕಮಿಂಗ್ ಕನೆಕ್ಷನ್ಸ್" ಎಂಬ ಆಯ್ಕೆಯನ್ನು ಗುರುತು ಮಾಡಬಹುದು. ಆಗ ಅನುಮತಿ ಪಟ್ಟಿಯಲ್ಲಿರುವ ತಂತ್ರಾಂಶಗಳಿಗೂ ಹೊರಗಿನಿಂದ ಬರುವ ಸಂಪರ್ಕ ನಿಲ್ಲುತ್ತದೆ. ಜಾಲತಾಣ ವೀಕ್ಷಣೆ ಎಂದಿನಂತೆ ನಡೆಯುತ್ತದೆ.

ಹಂತ 6: ಬದಲಾವಣೆಗಳಿಂದ ತೊಂದರೆ ಉಂಟಾದಲ್ಲಿ ಅದೇ ಪುಟದ "ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್" ಎಂಬ ಕೊಂಡಿಯ ಮೂಲಕ ಮೂಲ ಸ್ಥಿತಿಗೆ ಮರಳಬಹುದು. ಆದ್ದರಿಂದ ಹೊಂದಾಣಿಕೆಗಳನ್ನು ಪರಿಶೀಲಿಸಲು ಹೆದರಬೇಕಾಗಿಲ್ಲ.

5.1 ಅನುಮತಿ ಕೇಳುವ ಕಿಟಕಿ ಕಾಣಿಸಿಕೊಂಡಾಗ

ಯಾವುದಾದರೂ ತಂತ್ರಾಂಶವು ಹೊರಗಿನ ಸಂಪರ್ಕಗಳಿಗೆ ಬಾಗಿಲು ತೆರೆದು ಕಾಯಲು ಯತ್ನಿಸಿದಾಗ ವಿಂಡೋಸ್ ಬಳಕೆದಾರರ ಅನುಮತಿಯನ್ನು ಕೇಳುತ್ತದೆ. ಆಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ತಂತ್ರಾಂಶವನ್ನು ತಾವೇ ಈಗ ತೆರೆದದ್ದೇ? ಅದರ ಹೆಸರು ಮತ್ತು ತಯಾರಕರು ಪರಿಚಿತರೇ? ಬೇರೊಂದು ಯಂತ್ರವು ಇದನ್ನು ಸಂಪರ್ಕಿಸಬೇಕಾದ ಕಾರಣವಿದೆಯೇ? ಮೂರಕ್ಕೂ ಹೌದೆಂಬ ಉತ್ತರವಿದ್ದಲ್ಲಿ ಮಾತ್ರ ಅನುಮತಿ ನೀಡತಕ್ಕದ್ದು. ಸಂದೇಹವಿದ್ದಲ್ಲಿ "ಕ್ಯಾನ್ಸಲ್" ಒತ್ತುವುದು ಸುರಕ್ಷಿತ. ಅದರಿಂದ ತಂತ್ರಾಂಶದ ಯಾವುದಾದರೂ ಅವಶ್ಯಕ ಕಾರ್ಯ ನಿಂತುಹೋದಲ್ಲಿ, ಹಂತ 4ರ ಪಟ್ಟಿಯಲ್ಲಿ ನಂತರವೂ ಅನುಮತಿ ನೀಡಬಹುದು.

6. ಮ್ಯಾಕ್ ಮತ್ತು ಲಿನಕ್ಸ್ ಗಣಕಯಂತ್ರಗಳು

ಮ್ಯಾಕ್: ಮ್ಯಾಕ್ ಯಂತ್ರಗಳಲ್ಲಿ ಫೈರ್‌ವಾಲ್ ಪೂರ್ವನಿಯೋಜಿತವಾಗಿ ಸಕ್ರಿಯವಾಗಿರದೆ ಇರಬಹುದು. 2022ರಲ್ಲಿ ಬಂದ ವೆಂಚುರಾ ಮತ್ತು ನಂತರದ ಆವೃತ್ತಿಗಳಲ್ಲಿ "ಸಿಸ್ಟಂ ಸೆಟ್ಟಿಂಗ್ಸ್", ನಂತರ "ನೆಟ್‌ವರ್ಕ್", ನಂತರ "ಫೈರ್‌ವಾಲ್" ಎಂಬ ಕ್ರಮದಲ್ಲಿ ಹೋಗಿ ಸಕ್ರಿಯಗೊಳಿಸಬೇಕು. "ಆಪ್ಷನ್ಸ್" ಒತ್ತಿದಾಗ ದೊರೆಯುವ "ಸ್ಟೆಲ್ತ್ ಮೋಡ್" ಅನ್ನು ಸಕ್ರಿಯಗೊಳಿಸಿದಲ್ಲಿ, ಯಂತ್ರ ಇದೆಯೇ ಎಂದು ಹೊರಗಿನಿಂದ ವಿಚಾರಿಸುವ ಸಂದೇಶಗಳಿಗೆ ಉತ್ತರ ಹೋಗುವುದಿಲ್ಲ.

ಲಿನಕ್ಸ್: ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ 2008ರ ಆವೃತ್ತಿಯಿಂದಲೂ ಇದೆ, ಆದರೆ ಅದನ್ನು ಬಳಕೆದಾರರೇ ಸಕ್ರಿಯಗೊಳಿಸಬೇಕು. ಆದೇಶಗಳನ್ನು ಬೆರಳಚ್ಚು ಮಾಡುವ ಅಭ್ಯಾಸವಿಲ್ಲದವರು ಜಿಯುಎಫ್‌ಡಬ್ಲ್ಯು ಎಂಬ ಉಚಿತ ಸಾಧನವನ್ನು ಅಳವಡಿಸಿಕೊಂಡು, ಒಳಬರುವುದಕ್ಕೆ ನಿರಾಕರಣೆ, ಹೊರಹೋಗುವುದಕ್ಕೆ ಅನುಮತಿ ಎಂಬ ಹೊಂದಾಣಿಕೆಯನ್ನು ಇಟ್ಟುಕೊಂಡರೆ ಸಾಕು. ಫೆಡೋರಾದಲ್ಲಿ ಫೈರ್‌ವಾಲ್‌ಡಿ ಎಂಬ ವ್ಯವಸ್ಥೆ ಪೂರ್ವನಿಯೋಜಿತವಾಗಿಯೇ ಚಾಲನೆಯಲ್ಲಿರುತ್ತದೆ.

7. ರೌಟರ್‌ನಲ್ಲಿ ಕೈಗೊಳ್ಳಬೇಕಾದ ಕ್ರಮಗಳು

(1) ರೌಟರ್‌ನ ನಿರ್ವಹಣಾ ಪುಟಕ್ಕೆ ತಯಾರಕರು ನೀಡಿದ ಗುಪ್ತಪದವನ್ನು ಬದಲಾಯಿಸಬೇಕು. ವೈ-ಫೈ ಗುಪ್ತಪದ ಮತ್ತು ನಿರ್ವಹಣಾ ಗುಪ್ತಪದ ಬೇರೆ ಬೇರೆಯಾಗಿರತಕ್ಕದ್ದು.

(2) ಅಂತರ್ಜಾಲದ ಕಡೆಯಿಂದ ರೌಟರ್ ಅನ್ನು ನಿರ್ವಹಿಸುವ "ರಿಮೋಟ್ ಮ್ಯಾನೇಜ್‌ಮೆಂಟ್" ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬೇಕು.

(3) ತಂತ್ರಾಂಶಗಳು ಬಳಕೆದಾರರನ್ನು ಕೇಳದೆಯೇ ರೌಟರ್‌ನಲ್ಲಿ ಬಾಗಿಲು ತೆರೆಯಲು ಅವಕಾಶ ನೀಡುವ "ಯುಪಿಎನ್‌ಪಿ" ಸೌಲಭ್ಯವು ಅವಶ್ಯಕವಿಲ್ಲದಿದ್ದಲ್ಲಿ ಅದನ್ನೂ ನಿಷ್ಕ್ರಿಯಗೊಳಿಸಬಹುದು.

(4) ಹಳೆಯ ಐಪಿವಿ4 ವ್ಯವಸ್ಥೆಯಲ್ಲಿ ಮನೆಯ ಎಲ್ಲ ಯಂತ್ರಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಮರೆಯಾಗಿರುತ್ತಿದ್ದವು. ಐಪಿವಿ6 ವ್ಯವಸ್ಥೆಯಲ್ಲಿ ಪ್ರತಿ ಯಂತ್ರಕ್ಕೂ ತನ್ನದೇ ಸಾರ್ವಜನಿಕ ವಿಳಾಸ ದೊರೆಯಬಹುದಾದ್ದರಿಂದ ಆ ಮರೆ ಇರುವುದಿಲ್ಲ. ರೌಟರ್‌ನಲ್ಲಿ ಐಪಿವಿ6 ಫೈರ್‌ವಾಲ್ ಪ್ರತ್ಯೇಕವಾಗಿದ್ದಲ್ಲಿ ಅದು ಸಕ್ರಿಯವಾಗಿದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು.

8. ಅರ್ಜಿ ಸಲ್ಲಿಸುವಾಗ ತೊಂದರೆ ಉಂಟಾದಲ್ಲಿ

ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿರುವಾಗ ಜಾಲತಾಣ ತೆರೆಯದಿದ್ದರೆ ಆತಂಕ ಸಹಜ. ಇಂತಹ ಸಮಯದಲ್ಲಿಯೇ ಅನೇಕರು ಫೈರ್‌ವಾಲ್ ಅನ್ನು ನಿಷ್ಕ್ರಿಯಗೊಳಿಸಿ, ನಂತರ ಮರೆತುಬಿಡುತ್ತಾರೆ. ತೊಂದರೆಯ ಕಾರಣ ಬಹಳ ಬಾರಿ ಬೇರೆಯೇ ಆಗಿರುತ್ತದೆ. ಕೆಳಕಂಡವುಗಳನ್ನು ಮೊದಲು ಪರಿಶೀಲಿಸತಕ್ಕದ್ದು:

(1) ಗಣಕಯಂತ್ರದ ದಿನಾಂಕ ಮತ್ತು ವೇಳೆ ಸರಿಯಾಗಿದೆಯೇ? ತಪ್ಪಿದ್ದಲ್ಲಿ ಸುರಕ್ಷಿತ ಜಾಲತಾಣಗಳು ಪ್ರಮಾಣಪತ್ರದ ದೋಷ ತೋರಿಸಿ ತೆರೆಯುವುದಿಲ್ಲ.

(2) ರಸೀದಿ ಅಥವಾ ಪಾವತಿಯ ಹೊಸ ಕಿಟಕಿ ತೆರೆಯುತ್ತಿಲ್ಲವೇ? ಅದನ್ನು ಸಾಮಾನ್ಯವಾಗಿ ತಡೆಯುವುದು ಬ್ರೌಸರ್‌ನ ಪಾಪ್-ಅಪ್ ತಡೆ, ಫೈರ್‌ವಾಲ್ ಅಲ್ಲ. ಆ ಒಂದು ಜಾಲತಾಣಕ್ಕೆ ಮಾತ್ರ ಬ್ರೌಸರ್‌ನಲ್ಲಿ ಅನುಮತಿ ನೀಡಬೇಕು.

(3) ಲಗತ್ತಿಸುವ ಕಡತದ ಗಾತ್ರ ಮತ್ತು ವಿಧ ನಿಗದಿತ ಮಿತಿಯಲ್ಲಿದೆಯೇ?

(4) ಅದೇ ಸಂಪರ್ಕದಲ್ಲಿ ಮೊಬೈಲ್‌ನಿಂದಲೂ ಜಾಲತಾಣ ತೆರೆಯುತ್ತಿಲ್ಲವಾದರೆ ದೋಷವು ಗಣಕಯಂತ್ರದ ಫೈರ್‌ವಾಲ್‌ನದ್ದಲ್ಲ. ಸ್ವಲ್ಪ ಸಮಯದ ನಂತರ ಪ್ರಯತ್ನಿಸುವುದು ಸೂಕ್ತ.

ಡಿಜಿಟಲ್ ಸಹಿ ಮತ್ತು ಬೆರಳಚ್ಚು ಸಾಧನಗಳು: ಈ ಸಾಧನಗಳ ಚಾಲಕ ತಂತ್ರಾಂಶವು ಅದೇ ಗಣಕಯಂತ್ರದ ಒಳಗೇ ಬ್ರೌಸರ್‌ನೊಡನೆ ಮಾತನಾಡುತ್ತದೆ. ಇದಕ್ಕಾಗಿ ಯಂತ್ರವು ತನ್ನನ್ನು ತಾನೇ ಕರೆಯುವ 127.0.0.1 ಎಂಬ ಆಂತರಿಕ ವಿಳಾಸವನ್ನು ಬಳಸಲಾಗುತ್ತದೆ. ವಿಂಡೋಸ್‌ನ ಫೈರ್‌ವಾಲ್ ಸಾಮಾನ್ಯವಾಗಿ ಇಂತಹ ಆಂತರಿಕ ಸಂಪರ್ಕವನ್ನು ತಡೆಯುವುದಿಲ್ಲ. ಆದ್ದರಿಂದ ಸಾಧನವು ಗುರುತಿಸಲ್ಪಡದಿದ್ದಲ್ಲಿ ಚಾಲಕ ತಂತ್ರಾಂಶ ಚಾಲನೆಯಲ್ಲಿದೆಯೇ, ಅದರ ಆವೃತ್ತಿ ಹೊಸದೇ ಎಂಬುದನ್ನು ನೋಡಬೇಕು. ಪ್ರತ್ಯೇಕ ಫೈರ್‌ವಾಲ್ ಅಳವಡಿಸಿಕೊಂಡವರು ಆ ಒಂದು ತಂತ್ರಾಂಶಕ್ಕೆ ಮಾತ್ರ ಅನುಮತಿ ನೀಡಿದರೆ ಸಾಕು. ಫೈರ್‌ವಾಲ್ ಅನ್ನು ಪೂರ್ಣವಾಗಿ ನಿಷ್ಕ್ರಿಯಗೊಳಿಸಬಾರದು.

9. ಫೈರ್‌ವಾಲ್ ತಡೆಯಲಾರದ ಅಪಾಯಗಳು

ಈ ವಿಭಾಗವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು.

"ನಿಮ್ಮ ಅರ್ಜಿ ಬಾಕಿ ಇದೆ, ಸರಿಪಡಿಸಿಕೊಡುತ್ತೇವೆ" ಎಂದು ಕರೆ ಮಾಡಿ, ಗಣಕಯಂತ್ರ ಅಥವಾ ಮೊಬೈಲ್‌ನಲ್ಲಿ ದೂರ ನಿಯಂತ್ರಣದ ತಂತ್ರಾಂಶವನ್ನು ಅಳವಡಿಸಿಕೊಳ್ಳಲು ಹೇಳುವುದು ವಂಚಕರ ಒಂದು ರೂಢಿ. ಅಂತಹ ತಂತ್ರಾಂಶವು ಬಳಕೆದಾರರ ಯಂತ್ರದಿಂದಲೇ ಹೊರಕ್ಕೆ ಸಂಪರ್ಕ ಆರಂಭಿಸುವುದರಿಂದ ಫೈರ್‌ವಾಲ್‌ಗೆ ಅದು ಜಾಲತಾಣ ತೆರೆದಂತೆಯೇ ತೋರುತ್ತದೆ. ಪರದೆಯ ಮೇಲಿನ ಸಂಕೇತ ಸಂಖ್ಯೆಯನ್ನು ಕರೆ ಮಾಡಿದವರಿಗೆ ಓದಿ ಹೇಳಿದ ಕ್ಷಣದಿಂದ ಯಂತ್ರವು ಅವರ ವಶದಲ್ಲಿರುತ್ತದೆ. ಆಗ ಪರದೆಯಲ್ಲಿರುವ ಕಡತಗಳು ಮಾತ್ರವಲ್ಲದೆ, ಬ್ಯಾಂಕ್ ಪುಟಗಳು ಮತ್ತು ಮೊಬೈಲ್‌ಗೆ ಬಂದ ಒಟಿಪಿ ಸಹ ಅವರಿಗೆ ಕಾಣಿಸಬಹುದು.

ಅದೇ ರೀತಿ, ನಕಲಿ ಜಾಲತಾಣದಲ್ಲಿ ತಾವೇ ತುಂಬಿದ ಗುಪ್ತಪದ, ತಾವೇ ಹೇಳಿದ ಒಟಿಪಿ, ತಾವೇ ತೆರೆದ ಇ-ಅಂಚೆಯ ಲಗತ್ತು, ಪೆನ್‌ಡ್ರೈವ್ ಮೂಲಕ ಬಂದ ವೈರಸ್ ಇವುಗಳನ್ನು ಫೈರ್‌ವಾಲ್ ತಡೆಯುವುದಿಲ್ಲ. ವೈರಸ್ ನಿರೋಧಕ ತಂತ್ರಾಂಶ, ನಿಯಮಿತ ತಿದ್ದುಪಡಿಗಳು ಮತ್ತು ದಾಖಲೆಗಳ ಮತ್ತೊಂದು ಪ್ರತಿ ಇವು ಫೈರ್‌ವಾಲ್‌ನಷ್ಟೇ ಅವಶ್ಯಕ. ಸೋಂಕಿತ ಯಂತ್ರಗಳನ್ನು ಶುಚಿಗೊಳಿಸುವ ಉಚಿತ ಸಾಧನಗಳನ್ನು ಭಾರತ ಸರ್ಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಿಂದ ಪಡೆಯಬಹುದಾಗಿದೆ.

ಯಂತ್ರವು ಬೇರೆಯವರ ವಶಕ್ಕೆ ಹೋಗಿದೆ ಎಂಬ ಸಂಶಯ ಬಂದಲ್ಲಿ ಕೈಗೊಳ್ಳಬೇಕಾದ ಕ್ರಮಗಳು:

(1) ತಕ್ಷಣವೇ ಅಂತರ್ಜಾಲ ಸಂಪರ್ಕವನ್ನು ಕಡಿತಗೊಳಿಸಬೇಕು.

(2) ಬ್ಯಾಂಕಿಗೆ ತಿಳಿಸಿ, ಹಣ ಹೋಗಿದ್ದಲ್ಲಿ ವಿಳಂಬ ಮಾಡದೆ 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು.

(3) ಗುಪ್ತಪದಗಳನ್ನು ಬೇರೊಂದು ಸುರಕ್ಷಿತ ಸಾಧನದಿಂದ ಬದಲಾಯಿಸಬೇಕು.

(4) ಆಧಾರ್ ಮಾಹಿತಿ ಸೋರಿಕೆಯಾಗಿರುವ ಸಂಶಯವಿದ್ದಲ್ಲಿ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬಯೋಮೆಟ್ರಿಕ್ ಬೀಗವನ್ನು ಹಾಕಿಕೊಳ್ಳಬಹುದು. ಪ್ರಾಧಿಕಾರದ ಸಹಾಯವಾಣಿ ಸಂಖ್ಯೆ 1947.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರೌಟರ್‌ನಲ್ಲಿ ಫೈರ್‌ವಾಲ್ ಇದ್ದ ಮೇಲೆ ಗಣಕಯಂತ್ರದಲ್ಲಿ ಏಕೆ?
ಉತ್ತರ: ಮನೆಯ ಮತ್ತೊಂದು ಯಂತ್ರ ಅಥವಾ ಅತಿಥಿಗಳ ಮೊಬೈಲ್ ಸೋಂಕಿತವಾಗಿದ್ದಲ್ಲಿ ಅಪಾಯವು ಹೆಬ್ಬಾಗಿಲಿನ ಒಳಗಿನಿಂದಲೇ ಬರುತ್ತದೆ. ಲ್ಯಾಪ್‌ಟಾಪ್ ಹೊರಗೆ ಹೋದಾಗ ಮನೆಯ ರೌಟರ್ ಅದರ ಜೊತೆಯಲ್ಲಿ ಹೋಗುವುದಿಲ್ಲ.

ಪ್ರಶ್ನೆ: ಫೈರ್‌ವಾಲ್‌ನಿಂದ ಗಣಕಯಂತ್ರ ನಿಧಾನವಾಗುವುದೇ?
ಉತ್ತರ: ಕಾರ್ಯಾಚರಣಾ ವ್ಯವಸ್ಥೆಯೊಡನೆ ಬರುವ ಫೈರ್‌ವಾಲ್‌ನಿಂದ ಮನೆಯ ಬಳಕೆಯಲ್ಲಿ ಗಮನಕ್ಕೆ ಬರುವಂತಹ ವ್ಯತ್ಯಾಸ ಆಗುವುದಿಲ್ಲ.

ಪ್ರಶ್ನೆ: "ನಿಮ್ಮ ಫೈರ್‌ವಾಲ್ ಕೆಟ್ಟಿದೆ, ಈ ಸಂಖ್ಯೆಗೆ ಕರೆ ಮಾಡಿ" ಎಂಬ ಸಂದೇಶ ಬ್ರೌಸರ್‌ನಲ್ಲಿ ಬಂದರೆ?
ಉತ್ತರ: ಅದು ವಂಚನೆ. ವಿಂಡೋಸ್‌ನ ನೈಜ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಬ್ರೌಸರ್ ಅನ್ನು ಮುಚ್ಚಿ, ಹಂತ 1ರಲ್ಲಿ ತಿಳಿಸಿದಂತೆ ವಿಂಡೋಸ್ ಸೆಕ್ಯುರಿಟಿಯಲ್ಲಿಯೇ ವಾಸ್ತವ ಸ್ಥಿತಿಯನ್ನು ನೋಡಬೇಕು.

ಪ್ರಶ್ನೆ: ಫೈರ್‌ವಾಲ್‌ನ ದಾಖಲೆಯಲ್ಲಿ ತಡೆದ ನೂರಾರು ಸಂಪರ್ಕಗಳು ಕಾಣುತ್ತವೆ. ಇದು ದಾಳಿಯೇ?
ಉತ್ತರ: ಅಂತರ್ಜಾಲದಲ್ಲಿ ಸ್ವಯಂಚಾಲಿತ ಶೋಧನೆಗಳು ಸದಾ ನಡೆಯುತ್ತಿರುತ್ತವೆ. ತಡೆಯಲಾಗಿದೆ ಎಂದು ದಾಖಲಾಗಿದ್ದಲ್ಲಿ ಫೈರ್‌ವಾಲ್ ತನ್ನ ಕೆಲಸ ಮಾಡಿದೆ ಎಂದರ್ಥ.

ಪ್ರಶ್ನೆ: ಫೈರ್‌ವಾಲ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಬಹುದೇ?
ಉತ್ತರ: ಗಿಬ್ಸನ್ ರಿಸರ್ಚ್ ಸಂಸ್ಥೆಯ "ಶೀಲ್ಡ್ಸ್ ಅಪ್" ಎಂಬ ಉಚಿತ ಪರೀಕ್ಷೆಯು ಹೊರಗಿನಿಂದ ಪೋರ್ಟ್‌ಗಳನ್ನು ತಟ್ಟಿ ನೋಡುತ್ತದೆ. ರೌಟರ್ ಇರುವ ಮನೆಯಲ್ಲಿ ಅದು ಪರೀಕ್ಷಿಸುವುದು ರೌಟರ್ ಅನ್ನೇ ಹೊರತು ಗಣಕಯಂತ್ರವನ್ನಲ್ಲ ಎಂಬುದನ್ನು ಗಮನದಲ್ಲಿಡಬೇಕು.

ಪ್ರಶ್ನೆ: ಸೈಬರ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸುವವರು ಏನು ಮಾಡಬೇಕು?
ಉತ್ತರ: ಅಲ್ಲಿನ ಫೈರ್‌ವಾಲ್ ಅರ್ಜಿದಾರರ ಕೈಯಲ್ಲಿ ಇರುವುದಿಲ್ಲ. ಗುಪ್ತಪದವನ್ನು ಬ್ರೌಸರ್‌ನಲ್ಲಿ ಉಳಿಸದೆ, ಕೆಲಸ ಮುಗಿದ ನಂತರ ಲಾಗ್ ಔಟ್ ಮಾಡಿ, ಇಳಿಸಿಕೊಂಡ ಮತ್ತು ಸ್ಕ್ಯಾನ್ ಮಾಡಿದ ದಾಖಲೆಗಳನ್ನು ತಮ್ಮ ಎದುರಿನಲ್ಲಿಯೇ ಅಳಿಸುವಂತೆ ಕೇಳಬೇಕು.

11. ಪರಿಶೀಲನಾ ಪಟ್ಟಿ

ಅರ್ಜಿದಾರರು ಕೆಳಕಂಡ ಅಂಶಗಳನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದು ಒಳಿತು:

- ಮೂರೂ ಬಗೆಯ ಜಾಲಗಳಿಗೆ ಫೈರ್‌ವಾಲ್ ಸಕ್ರಿಯವಾಗಿದೆ.
- ಮನೆಯ ಹೊರಗಿನ ಎಲ್ಲ ಜಾಲಗಳೂ ಪಬ್ಲಿಕ್ ಎಂದು ಗುರುತಾಗಿವೆ.
- ಅನುಮತಿ ಪಟ್ಟಿಯಲ್ಲಿ ಅಪರಿಚಿತ ಅಥವಾ ಬಳಕೆಯಲ್ಲಿಲ್ಲದ ತಂತ್ರಾಂಶಗಳಿಲ್ಲ.
- ಕಾರ್ಯಾಚರಣಾ ವ್ಯವಸ್ಥೆ ಮತ್ತು ರೌಟರ್‌ಗೆ ತಿದ್ದುಪಡಿಗಳು ಬರುತ್ತಿವೆ.
- ರೌಟರ್‌ನ ಮೂಲ ಗುಪ್ತಪದ ಬದಲಾಗಿದೆ.
- ಕೆಲಸ ಮುಗಿದ ಅರ್ಜಿಗಳ ಆಧಾರ್ ಹಾಗೂ ಬ್ಯಾಂಕ್ ದಾಖಲೆಗಳ ಅನಗತ್ಯ ಪ್ರತಿಗಳನ್ನು ಅಳಿಸಲಾಗಿದೆ.
- ಮನೆಯ ಎಲ್ಲ ಸದಸ್ಯರಿಗೂ, ವಿಶೇಷವಾಗಿ ಹಿರಿಯ ನಾಗರಿಕರಿಗೆ, ಅಪರಿಚಿತರ ಮಾತು ಕೇಳಿ ಫೈರ್‌ವಾಲ್ ನಿಷ್ಕ್ರಿಯಗೊಳಿಸಬಾರದು ಮತ್ತು ದೂರ ನಿಯಂತ್ರಣದ ತಂತ್ರಾಂಶ ಅಳವಡಿಸಬಾರದು ಎಂದು ತಿಳಿಸಲಾಗಿದೆ.

ಮೇಲ್ಕಂಡ ಯಾವುದಕ್ಕೂ ಹಣದ ವೆಚ್ಚವಿಲ್ಲ. ಅರ್ಧ ಗಂಟೆಯ ಸಮಯ ಸಾಕಾಗುತ್ತದೆ. ನಾಗರಿಕರು ಮುಂದಿನ ಅರ್ಜಿಯನ್ನು ಸಲ್ಲಿಸುವ ಮೊದಲು ಈ ಪರಿಶೀಲನೆಯನ್ನು ಒಮ್ಮೆ ಪೂರ್ಣಗೊಳಿಸಿಕೊಳ್ಳಲು ಕೋರಲಾಗಿದೆ.